ಎಷ್ಟು ದೊಡ್ಡ ಬ್ಯಾಟರಿ ಎಂದು ಕೇಳುವ ಮೊದಲು

ಮಳೆಗಾಲ ಹಿಡಿಯುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ನನಗೆ ಬರುವ ಫೋನುಗಳೆಲ್ಲ ಒಂದೇ ಪ್ರಶ್ನೆಯಿಂದ ಶುರುವಾಗುತ್ತವೆ: ‘ಸಾರ್, ಎಷ್ಟು ದೊಡ್ಡ ಬ್ಯಾಟರಿ ಹಾಕಿಸಬೇಕು?’ ಮರ ಬಿದ್ದು ತಂತಿ ಹರಿದು ಮೂರು ದಿನ ಕತ್ತಲೆಯಲ್ಲಿ ಕುಳಿತವರ ಸಂಕಟ ನನಗೂ ಗೊತ್ತು. ಆದರೆ ಮನೆಯಲ್ಲಿ ಏನೇನು ಎಷ್ಟು ಹೊತ್ತು ಓಡುತ್ತದೆ ಎಂದು ತಿರುಗಿ ಕೇಳಿದರೆ, ‘ಅದೆಲ್ಲ ಮಾಮೂಲಿ ಸಾರ್’ ಎನ್ನುತ್ತಾರೆ. ನನ್ನ ತಲೆನೋವಿಗೆ ಈ ‘ಮಾಮೂಲಿ’ಯೇ ಕಾರಣ.

ಹಿಂದೆ ಕೆಲವು ವರ್ಷ ನಾನು ದ್ವೀಪಗಳ ವಿದ್ಯುತ್ ಸಂಸ್ಥೆಗಳಿಗೆ ಲೆಕ್ಕ ಮಾಡಿಕೊಡುವ ತಂಡವೊಂದರಲ್ಲಿದ್ದೆ. ದ್ವೀಪಕ್ಕೆ ಕಷ್ಟಕಾಲದಲ್ಲಿ ಸಾಲ ಕೊಡುವ ನೆರೆಯ ಗ್ರಿಡ್, ಅಂದರೆ ವಿದ್ಯುತ್ ಜಾಲ, ಇರುವುದಿಲ್ಲ; ಲೈನ್ ಹೋದ ಮಲೆನಾಡಿನ ಮನೆಯ ಪಾಡೂ ಅದೇ. ಲಕ್ಷದ್ವೀಪದ ಜನವಸತಿಯಿರುವ 10 ದ್ವೀಪಗಳು ಬಹುಕಾಲ ನೆಚ್ಚಿಕೊಂಡದ್ದು ಹಡಗಿನಲ್ಲಿ ಬರುವ ಡೀಸೆಲ್ಲನ್ನು. ಅಲ್ಲಿನ ಕವರತ್ತಿ ದ್ವೀಪದಲ್ಲಿ ಬ್ಯಾಟರಿಸಹಿತ ಸೌರ ಸ್ಥಾವರ ಉದ್ಘಾಟನೆಯಾದದ್ದು 2024ರ ಜನವರಿಯಲ್ಲಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸಿಗುವುದು ಸುಮಾರು 3ರಿಂದ 4 ಯೂನಿಟ್. ಸಂಜೆ ಊರಿಗೆ ಊರೇ ಸ್ವಿಚ್ ಹಾಕುವ ಆ ಎರಡು ಮೂರು ಗಂಟೆಗೆಂದು ದೊಡ್ಡ ಎಂಜಿನ್ ಕೊಳ್ಳಬೇಕಾಗುತ್ತದೆ. ಅದೇ ಎಂಜಿನ್ ನಡುರಾತ್ರಿ ಕಾಲುಭಾಗ ಹೊರೆಯಲ್ಲಿ ಓಡುವಾಗ ಯೂನಿಟ್ಟಿಗೆ ಹೆಚ್ಚು ಡೀಸೆಲ್ ಕುಡಿಯುತ್ತದೆ, ಒಳಗೆ ಮಸಿಯನ್ನೂ ಕಟ್ಟಿಕೊಳ್ಳುತ್ತದೆ. ಸಂಜೆಯ ಹೊರೆಯನ್ನು ತಗ್ಗಿಸಿದರೆ ಸಣ್ಣ ಎಂಜಿನ್ನೇ ಸಾಕಾಗುತ್ತದೆ. ಹಾಗಾಗಿ ಅಲ್ಲಿನ ಎಂಜಿನಿಯರುಗಳು ಉಳಿತಾಯವನ್ನು ದಿನಗಳಲ್ಲಿ ಅಳೆಯುತ್ತಾರೆ: ಚಂಡಮಾರುತಕ್ಕೆ ಹಡಗು ನಿಂತರೆ ಟ್ಯಾಂಕಿನಲ್ಲಿರುವುದು ಇನ್ನೆಷ್ಟು ದಿನ ಬಂದೀತು?

ಅಲಾಸ್ಕದ ಜೂನೋ ಪಟ್ಟಣ ಭೂಪಟದಲ್ಲಿ ದ್ವೀಪವಲ್ಲ, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೂ ಇಲ್ಲ, ವಿದ್ಯುತ್ ಮಾರ್ಗವೂ ಇಲ್ಲ. ನಮ್ಮ ಶರಾವತಿಯಂತೆ ಬೆಟ್ಟದ ನಡುವಿನ ಜಲವಿದ್ಯುತ್ತೇ ಅದಕ್ಕೆ ಆಧಾರ. 2008ರ ಏಪ್ರಿಲ್‌ನಲ್ಲಿ ಹಿಮ ಕುಸಿದು, ಆ ಜಲವಿದ್ಯುತ್ತನ್ನು ಪಟ್ಟಣಕ್ಕೆ ತರುವ ಮಾರ್ಗದ ಗೋಪುರಗಳು ಉರುಳಿ, ಪಟ್ಟಣವಿಡೀ ಡೀಸೆಲ್ಲಿಗೆ ಬಿದ್ದು, ದರ ಸುಮಾರು ಐದು ಪಟ್ಟು ಏರಿತು. ಕೆಲವೇ ವಾರಗಳಲ್ಲಿ ಬಳಕೆ ಶೇಕಡಾ 30ರಷ್ಟು ಇಳಿಯಿತು. ಇಳಿಸಿದವರು ಬೇಡದ ದೀಪ ಆರಿಸಿ, ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಒಣಗಿಸಿದ ಸಾಮಾನ್ಯ ಜನ. ಮಾರ್ಗ ಸರಿಯಾದ ಮೇಲೂ ಬಳಕೆ ಪೂರ್ತಿ ಹಳೆಯ ಮಟ್ಟಕ್ಕೆ ಮರಳಲಿಲ್ಲ.

ಹಗ್ಗಕ್ಕೆ ಬಟ್ಟೆ ಹಾಕುವ ಉಪದೇಶವನ್ನು ಆಷಾಢದ ಮಲೆನಾಡಿನಲ್ಲಿ ಮಾಡಿದರೆ ಜನ ನಗುತ್ತಾರೆ, ಅದು ನ್ಯಾಯವೂ ಹೌದು. ಹೊಸನಗರದ ಸಮೀಪದ ಹೋಮ್‌ಸ್ಟೇಯೊಂದರಲ್ಲಿ ನಾನು ಕಂಡದ್ದು ಇದನ್ನೇ: ಹೊರಗೆ ಚಳಿ, ಒಳಗೆ ಹಾಸಿಗೆಯ ಹೊದಿಕೆಗಳು ಒಣಗಲೆಂದು ನಾಲ್ಕು ಹಳೆಯ ಫ್ಯಾನುಗಳು ಹಗಲಿಡೀ ತಿರುಗುತ್ತಿದ್ದವು. ಪ್ರತಿ ಫ್ಯಾನಿಗೆ 75 ವ್ಯಾಟ್. ಚೋಕಿನ ಹಳೆಯ ಟ್ಯೂಬ್‌ಲೈಟುಗಳು ಆರು, ತಲಾ ಸುಮಾರು 50 ವ್ಯಾಟ್. ಒಟ್ಟು 600 ವ್ಯಾಟ್. ಬಳಕೆಗೆ 4 ಯೂನಿಟ್ ಕೊಡುವ ಬ್ಯಾಟರಿ ಈ ಹೊರೆಗೆ ಆರೂಮುಕ್ಕಾಲು ಗಂಟೆಯೂ ಬಾರದು. ಫ್ಯಾನುಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ, ಸುಮಾರು 30 ವ್ಯಾಟಿನ ಬಿಎಲ್‌ಡಿಸಿ ಮೋಟಾರಿನ ಫ್ಯಾನುಗಳಿಗೆ, ಟ್ಯೂಬುಗಳನ್ನು 20 ವ್ಯಾಟಿನ ಎಲ್‌ಇಡಿಗೆ ಬದಲಾಯಿಸಿದರೆ ಹೊರೆ 240 ವ್ಯಾಟಿಗೆ ಇಳಿಯುತ್ತದೆ. ಅದೇ ಬ್ಯಾಟರಿ ಹದಿನಾರು ಗಂಟೆ ದಾಟುತ್ತದೆ. ಬ್ಯಾಟರಿ ಬೆಳೆಯಲಿಲ್ಲ, ಬೆಳಕೂ ಗಾಳಿಯೂ ಕಡಿಮೆಯಾಗಲಿಲ್ಲ. ಇದನ್ನು ಕಾಗದದ ಮೇಲೆ ಮೂರು ಸಲ ಬರೆದು ತೋರಿಸಿದೆ. ಮೂರನೆಯ ಸಲವೂ ಯಜಮಾನರು ಕೇಳಿದ್ದು, ‘ಹಾಗಾದ್ರೆ ಎರಡು ಬ್ಯಾಟರಿ ಹಾಕಿಬಿಡೋದಾ ಸಾರ್?’

ಇನ್‌ವರ್ಟರ್ ತನ್ನ ಪಾಲನ್ನು ತಿನ್ನುತ್ತದೆ, ಬ್ಯಾಟರಿ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಆದ್ದರಿಂದ ಮೇಲಿನ ಗಂಟೆಗಳನ್ನು ಯಾರೂ ಗ್ಯಾರಂಟಿ ಎಂದು ತಿಳಿಯಬಾರದು. ಆಮ್ಲಜನಕದ ಯಂತ್ರದಂತಹುದು ಮನೆಯಲ್ಲಿದ್ದರೆ ಅದಕ್ಕೆ ಪ್ರತ್ಯೇಕ ವ್ಯವಸ್ಥೆಯೇ ಬೇಕು. ಮೋಡ ಕವಿದ ಜುಲೈನಲ್ಲಿ ಸೋಲಾರ್ ಫಲಕಗಳ ಮೇಲೆ ಹೆಚ್ಚು ಭರವಸೆ ಇಡುವುದು ಬೇಡ. ಬ್ಯಾಟರಿಯಿಲ್ಲದೆ ಗ್ರಿಡ್‌ಗೆ ಜೋಡಿಸಿದ ಸೋಲಾರ್ ಅಂತೂ, ಲೈನ್ ಹೋದಾಗ ತಾನೂ ನಿಲ್ಲುತ್ತದೆ.

ಆ ಹೋಮ್‌ಸ್ಟೇಯ ನಿಜವಾದ ಕಳ್ಳ ಬಚ್ಚಲಿನಲ್ಲಿದ್ದ. 2 ಕಿಲೋವ್ಯಾಟಿನ ಗೀಸರು ಎರಡು ಗಂಟೆ ಉರಿದರೆ ಆ 4 ಯೂನಿಟ್ ಪೂರ್ತಿ ಮುಗಿಯುತ್ತದೆ. ಹತ್ತು ಹೆಜ್ಜೆ ಆಚೆ, ಹಳೆಯ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ ಬೋರಲಾಗಿ ಬಿದ್ದಿತ್ತು, ಅದರ ಮೇಲೆ ಅಡಿಕೆಯ ಖಾಲಿ ಚೀಲಗಳು. ಅತಿಥಿಗಳಿಗೆ ಹೊಗೆ ಆಗುವುದಿಲ್ಲ ಎಂಬುದು ಯಜಮಾನರ ವಾದ; ಒಲೆಯ ಬಾಯಿ ಹೊರಗಡೆಯಿದೆಯಲ್ಲ ಎಂಬುದು ಅವರ ತಾಯಿಯ ವಾದ. ನಾನು ಅಮ್ಮನ ಪಕ್ಷ ವಹಿಸಿದೆ.

ಹಂಡೆಗೆ ಕಲಾಯಿ ಮಾಡಿಸಿದರು, ಫ್ಯಾನು ದೀಪ ಬದಲಾಯಿಸಿದರು, ಬ್ಯಾಟರಿ ಒಂದೇ ಕೊಂಡರು. ಮುಂದಿನ ಮಳೆಗಾಲದಲ್ಲಿ ಎರಡು ದಿನ ಲೈನ್ ಇರಲಿಲ್ಲ. ನೀರಿನ ಪಂಪಿಗೂ ಬ್ಯಾಟರಿ ತುಂಬಿಸುವುದಕ್ಕೂ ದಿನಕ್ಕೆ ಒಂದೆರಡು ಗಂಟೆ ಜನರೇಟರ್ ಓಡಿಸಿದ್ದು ಸಾಕಾಯಿತಂತೆ. ಮೂರನೆಯ ದಿನ ಕರೆಂಟು ಬಂದ ಮೇಲೆ ಫೋನ್ ಮಾಡಿದರು. ಸಂತೋಷದ ಸುದ್ದಿಯೆಂದುಕೊಂಡು ಕೇಳುತ್ತಿದ್ದೆ.

‘ಬ್ಯಾಟರೀಲಿ ಇನ್ನೂ ಅರ್ಧ ಉಳಿದಿದೆ ಸಾರ್,’ ಎಂದರು. ‘ಗೀಸರಿಗೆ ಒಂದು ಲೈನ್ ಎಳೆಸಬಹುದಾ?’