ಚೀಟಿ ಎತ್ತಿ ಮದ್ದು ಕೊಡುವುದು ಯಾಕೆ?

ಮದ್ದು ನಿಜಕ್ಕೂ ಕೆಲಸ ಮಾಡುತ್ತದಾ ಅಂತ ಆಸ್ಪತ್ರೆಗಳಲ್ಲಿ ಜನರ ಮೇಲೆ ಪ್ರಯೋಗ ಮಾಡಿ ನೋಡುತ್ತಾರೆ. ಅದು ಯಾಕೆ ಬೇಕು ಅನ್ನುವುದನ್ನು ಸರ್ಪಸುತ್ತಿನಿಂದಲೇ ಶುರು ಮಾಡುತ್ತೇನೆ. ಸರ್ಪಸುತ್ತು ಬಂದವರಲ್ಲಿ ಹೆಚ್ಚಿನವರಿಗೆ ಏನೂ ಮಾಡದೆ ಸುಮ್ನೆ ಇದ್ದರೂ ಎರಡರಿಂದ ನಾಲ್ಕು ವಾರದೊಳಗೆ ಗುಳ್ಳೆ ಒಣಗಿ ಉದುರುತ್ತದೆ. ನಮ್ಮ ಉಡುಪಿ, ಮಂಗಳೂರಿನ ಕಡೆ ಇದಕ್ಕೆ ಮಂತ್ರಿಸಿ ಲೇಪ ಹಚ್ಚುವವರು ಈಗಲೂ ಇದ್ದಾರೆ. ಗುಳ್ಳೆ ಎದ್ದ ಮೇಲೆ ಅವರ ಹತ್ತಿರ ಹೋಗುತ್ತೇವೆ, ಹದಿನೈದು ದಿನದಲ್ಲಿ ಗುಣವಾಗುತ್ತದೆ, ಹೆಸರು ಅವರಿಗೆ ಬರುತ್ತದೆ. ಹಾವಿನ ತಲೆ ಬಾಲ ಕೂಡಿದ್ದರೆ ಜೀವ ಹೋಗುತ್ತಿತ್ತು, ಕೂಡುವ ಮೊದಲೇ ತಡೆದರು ಅಂತ ಮನೆಯವರು ನಿಟ್ಟುಸಿರು ಬಿಡುತ್ತಾರೆ.

ಅದು ಕೂಡುವುದೇ ತೀರಾ ಅಪರೂಪ. ಹಿಂದೆ ಯಾವಾಗಲೋ ಚಿಕನ್‌ಪಾಕ್ಸ್ ತಂದ ವೈರಸ್ಸು ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದಾಗ, ಮೈಯ ರೋಗನಿರೋಧಕ ಶಕ್ತಿ ಕುಗ್ಗಿದಾಗ, ಅದು ಒಂದು ನರವನ್ನು ಹಿಡಿದು ಚರ್ಮಕ್ಕೆ ಇಳಿಯುತ್ತದೆ. ಒಂದು ನರದ ಸರಹದ್ದು ಮೈಯ ಒಂದೇ ಬದಿಗೆ. ಹಾಗಾಗಿ ಗುಳ್ಳೆಯ ಪಟ್ಟಿ ಎದೆಯ ಅಥವಾ ಬೆನ್ನಿನ ನಡುಗೆರೆಗೆ ಬಂದು ನಿಲ್ಲುತ್ತದೆ. ನಾಗನಿಗೆ ತನು ಎರೆಯುವುದು, ತಂಬಿಲ ಕೊಡುವುದು ನಂಬಿಕೆಯ ವಿಷಯ, ಅದಕ್ಕೆ ನಾನು ಕೈ ಹಾಕುವುದಿಲ್ಲ. ನನ್ನ ಚಿಂತೆ ಬೇರೆ. ಈ ವೈರಸ್ಸನ್ನು ತಡೆಯುವ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಲಾಭ ಜಾಸ್ತಿ. ಆ ಮೂರು ದಿನ ಓಡಾಟದಲ್ಲೇ ಕಳೆದುಹೋಗುತ್ತದೆ. ಗುಳ್ಳೆ ಕಣ್ಣಿನ ಸುತ್ತ ಎದ್ದಿದ್ದರಂತೂ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು, ದೃಷ್ಟಿಗೇ ಕುತ್ತು ಬರಬಹುದು.

ಮಂತ್ರಿಸುವವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅವರ ಕಣ್ಣಿಗೂ ಗುಣವಾದವರೇ ಕಾಣುತ್ತಾರೆ. ತಾನಾಗಿ ವಾಸಿಯಾಗುವ ಕಾಯಿಲೆಗೆ ಏನು ಕೊಟ್ಟರೂ ಅದೇ ಮದ್ದು ಅನಿಸುತ್ತದೆ. ಈ ಭ್ರಮೆ ಹಳ್ಳಿಯವರಿಗೆ ಮಾತ್ರ ಅಂದುಕೊಳ್ಳಬೇಡಿ, ದೊಡ್ಡ ದೊಡ್ಡ ಹೃದಯತಜ್ಞರಿಗೂ ಬಂದಿತ್ತು.

ಹಾರ್ಟ್ ಅಟ್ಯಾಕ್ ಆದವರಲ್ಲಿ ಕೆಲವರಿಗೆ ಎದೆಬಡಿತ ಆಗಾಗ ತಪ್ಪುತ್ತದೆ. ಹಾಗೆ ತಪ್ಪುವವರಲ್ಲಿ ಸಾವು ಹೆಚ್ಚು ಅಂತ ಗೊತ್ತಿತ್ತು. ಬಡಿತವನ್ನು ಸರಿಮಾಡುವ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮದ್ದುಗಳಿದ್ದವು. ಕೊಟ್ಟರೆ ಇಸಿಜಿ ನೆಟ್ಟಗಾಗುತ್ತಿತ್ತು. ಅಂದಮೇಲೆ ಜೀವವೂ ಉಳಿಯುತ್ತದೆ, ಅಲ್ವಾ? ಅಮೆರಿಕದಲ್ಲಿ ಡಾಕ್ಟರುಗಳು ಧಾರಾಳವಾಗಿ ಬರೆದುಕೊಟ್ಟರು. 1980ರ ದಶಕದ ಕೊನೆಗೆ ಇದನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದರು. 755 ಮಂದಿಗೆ ಆ ಮದ್ದು, 743 ಮಂದಿಗೆ ನೋಡಲು ಹಾಗೇ ಇರುವ, ಒಳಗೆ ಮದ್ದಿಲ್ಲದ ಗುಳಿಗೆ. ಮದ್ದು ಸಿಕ್ಕವರಲ್ಲಿ 63 ಮಂದಿ ಸತ್ತರು, ಬರಿ ಗುಳಿಗೆ ಸಿಕ್ಕವರಲ್ಲಿ 26. ಪ್ರಯೋಗವನ್ನು 1989ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು.

ಆಸ್ಪತ್ರೆಯ ಹೊರರೋಗಿ ವಿಭಾಗದ ಗೋಡೆಯಲ್ಲಿ ‘ಸಂಶೋಧನೆಗೆ ಸ್ವಯಂಸೇವಕರು ಬೇಕಾಗಿದ್ದಾರೆ’ ಅನ್ನುವ ನೋಟೀಸು ನೋಡಿ, ‘ನಮ್ಮನ್ನು ಪ್ರಯೋಗಪಶು ಮಾಡ್ತಾರೆ’ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ. ಅಲ್ಲಿ ಪ್ರಯೋಗ ನಡೆಯದೆ ಇದ್ದಿದ್ದರೆ ಏನಾಗುತ್ತಿತ್ತು? ಅದೇ ಮದ್ದನ್ನು ಲಕ್ಷಾಂತರ ಮಂದಿ ವರ್ಷಗಟ್ಟಲೆ ನುಂಗುತ್ತಿದ್ದರು. ಸತ್ತವರು ಹಾರ್ಟ್ ಅಟ್ಯಾಕಿನಿಂದ ಸತ್ತರು ಅಂತ ಎಲ್ಲರೂ ನಂಬುತ್ತಿದ್ದರು. ಲೆಕ್ಕವಿಲ್ಲದೆ, ಒಪ್ಪಿಗೆಯಿಲ್ಲದೆ ನಡೆಯುವ ಪ್ರಯೋಗ ಅಂದರೆ ಅದು.

ಎರಡು ಗುಂಪು ಮಾಡಿ ಹೋಲಿಸಬೇಕು ಅನ್ನುವುದು ಯಾರಿಗೂ ಅರ್ಥವಾಗುತ್ತದೆ. ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ ಅಂದ ಕೂಡಲೇ ಜನ ಗಾಬರಿಯಾಗುತ್ತಾರೆ. ನನಗೆ ಇಡೀ ವೈದ್ಯಕೀಯದಲ್ಲಿ ಇದಕ್ಕಿಂತ ಚಂದದ ಉಪಾಯ ಇನ್ನೊಂದು ಕಂಡಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮಲ್ಪೆಯ ದಕ್ಕೆಯಲ್ಲಿ ಬಂಗುಡೆಯ ರಾಶಿ ಬಿದ್ದಿದೆ ಅಂತಿಟ್ಟುಕೊಳ್ಳಿ. ಮೀನು ಕೆಡದಂತೆ ಇಡಲು ಯಾರೋ ಹೊಸ ಉಪಾಯ ತಂದಿದ್ದಾರೆ. ಒಂದು ಬುಟ್ಟಿಗೆ ಹೊಸ ಉಪಾಯ, ಇನ್ನೊಂದಕ್ಕೆ ಎಂದಿನ ಮಂಜುಗಡ್ಡೆ. ಬುಟ್ಟಿ ತುಂಬುವ ಕೆಲಸ ಉಪಾಯ ತಂದವರಿಗೇ ಕೊಟ್ಟರೆ? ಕಿವಿರು ಕೆಂಪಗಿರುವ, ಕಣ್ಣು ಹೊಳೆಯುವ ಮೀನು ಅವರ ಬುಟ್ಟಿಗೇ ಬೀಳುತ್ತದೆ. ಅವರಿಗೆ ಮೋಸದ ಮನಸ್ಸೇ ಬೇಕಿಲ್ಲ, ಆಸೆ ಇದ್ದ ಕಡೆ ಕೈ ತಾನಾಗಿ ಹೋಗುತ್ತದೆ. ಸರಿ, ದೊಡ್ಡದು ಚಿಕ್ಕದು ಎಣಿಸಿ ಎರಡೂ ಬುಟ್ಟಿಗೆ ಸಮ ಹಾಕೋಣ ಅಂದರೆ, ಯಾವುದು ನಿನ್ನೆ ರಾತ್ರಿ ಬಲೆಗೆ ಬಿದ್ದದ್ದು, ಯಾವುದು ಬೆಳಗಿನ ಜಾವ ಬಿದ್ದದ್ದು ಅಂತ ಹೊರಗಿನಿಂದ ಹೇಳಲಾಗದು. ಈಗ ಕಣ್ಣು ಮುಚ್ಚಿ, ಒಂದೊಂದೇ ಮೀನಿಗೂ ಚೀಟಿ ಎತ್ತಿ ಬುಟ್ಟಿಗೆ ಹಾಕಿ. ಆರು ಮೀನಾದರೆ ಒಳ್ಳೆಯವೆಲ್ಲ ಒಂದೇ ಕಡೆ ಬೀಳಬಹುದು. ಆರುನೂರಾದರೆ ದೊಡ್ಡದು, ಚಿಕ್ಕದು, ರಾತ್ರಿಯದು, ಬೆಳಗಿನದು, ಹೊಟ್ಟೆ ಒಡೆದದ್ದು ಎಲ್ಲವೂ ಎರಡೂ ಬುಟ್ಟಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ನಮಗೆ ಗೊತ್ತಿದ್ದ ವ್ಯತ್ಯಾಸವೂ ಹಂಚಿಹೋಗುತ್ತದೆ, ನಾವು ಊಹೆ ಕೂಡ ಮಾಡದ ವ್ಯತ್ಯಾಸವೂ ಹಂಚಿಹೋಗುತ್ತದೆ. ಸಂಜೆಗೆ ಒಂದು ಬುಟ್ಟಿ ಚೆನ್ನಾಗಿದ್ದು ಇನ್ನೊಂದು ನಾರಿದರೆ, ಉಪಾಯಕ್ಕೆ ಬೆಲೆ ಇದೆ ಅಂತ ಧೈರ್ಯವಾಗಿ ಹೇಳಬಹುದು. ಪ್ರಯೋಗಗಳಿಗೆ ನೂರಾರು, ಸಾವಿರಾರು ಜನ ಬೇಕಾಗುವುದೂ ಇದಕ್ಕೇ.

ಈ ಚೀಟಿಯನ್ನು ಗಂಭೀರವಾಗಿ ಜಾರಿಗೆ ತಂದವರು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಮದ್ದು ಬಂದಿತ್ತು, ಎಲ್ಲರಿಗೂ ಕೊಡುವಷ್ಟು ಇರಲಿಲ್ಲ. ಅವರು ಚೀಟಿಗಳನ್ನು ಲಕೋಟೆಯಲ್ಲಿಟ್ಟು ಅಂಟಿಸಿ ನಂಬರು ಹಾಕಿಸಿದರು. ರೋಗಿಯನ್ನು ಪ್ರಯೋಗಕ್ಕೆ ಸೇರಿಸಿಕೊಂಡಾಯಿತು ಅಂತ ತೀರ್ಮಾನವಾದ ಮೇಲೆಯೇ ಲಕೋಟೆ ಒಡೆಯಬೇಕು. ಮೊದಲೇ ಒಡೆದರೆ ಡಾಕ್ಟರ ಕರುಣೆ ಕೆಲಸ ಮಾಡುತ್ತದೆ: ಇವಳು ಚಿಕ್ಕ ಹುಡುಗಿ, ಇವಳಿಗೆ ಮದ್ದಿನ ಚೀಟಿಯೇ ಬರಲಿ ಅಂತ. 1948ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಮದ್ದು ಸಿಕ್ಕ 55 ಮಂದಿಯಲ್ಲಿ 4 ಸಾವು, ಬರೀ ಹಾಸಿಗೆಯ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14.

ಅದರ ಮುಂದಿನ ಕಥೆ ನಮ್ಮ ಮದ್ರಾಸಿನದು. 1956ರಲ್ಲಿ ಅಲ್ಲಿ 193 ಕ್ಷಯರೋಗಿಗಳಿಗೆ ಚೀಟಿ ಎತ್ತಿದರು. ಅರ್ಧ ಮಂದಿ ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಒಳ್ಳೆಯ ಊಟ, ಗಾಳಿ, ವಿಶ್ರಾಂತಿಯ ಜೊತೆ ಮದ್ದು ತಗೊಂಡರು. ಉಳಿದವರು ತಮ್ಮ ಇಕ್ಕಟ್ಟಿನ ಮನೆಯಲ್ಲಿ ಇದ್ದದ್ದನ್ನೇ ಉಂಡು, ಅದೇ ಮದ್ದು ನುಂಗಿದರು. ವರ್ಷದ ಕೊನೆಗೆ ಇಬ್ಬರ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇವತ್ತು ಕ್ಷಯ ಬಂದವರು ಮನೆಯಲ್ಲೇ ಇದ್ದು ಗುಣವಾಗುತ್ತಿದ್ದಾರೆ ಅಂದರೆ, ಆ ಬಡ ಮದ್ರಾಸಿಗಳು ಚೀಟಿಗೆ ಒಪ್ಪಿದ್ದರಿಂದ. ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಈ ಪ್ರಯೋಗದ ಹಿಂದೆ ಮದ್ದಿನ ಕಂಪನಿ ಇರಲಿಲ್ಲ ಅನ್ನುವುದನ್ನು ಗಮನಿಸಿ. ಮನೆಯಲ್ಲಿ ಮಲಗುವುದನ್ನು ಯಾವ ಕಂಪನಿ ಮಾರುತ್ತದೆ? ವಿಶ್ವವಿದ್ಯಾಲಯಗಳು ಬೇಕಾಗುವುದು ಇಲ್ಲೇ. ಹಳೆಯ ಅಗ್ಗದ ಮಾತ್ರೆ ಹೊಸ ಕಾಯಿಲೆಗೆ ಆಗುತ್ತದಾ, ಐದು ದಿನ ಸಾಕಾಗುವ ಕಡೆ ಹತ್ತು ದಿನ ಕೊಡುತ್ತಿದ್ದೇವಾ, ಮಂಡಿನೋವಿಗೆ ಯಾವ ವ್ಯಾಯಾಮ ಒಳ್ಳೆಯದು, ಇಂಥ ಪ್ರಶ್ನೆಗೆ ದುಡ್ಡು ಹಾಕುವವರು ಕಡಿಮೆ. ಕೋವಿಡ್ ಕಾಲದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೇ ಪ್ರಾಯೋಜಕನಾಗಿ ರಿಕವರಿ ಎಂಬ ಪ್ರಯೋಗ ನಡೆಸಿತು. ದಶಕಗಳಿಂದ ಬಳಕೆಯಲ್ಲಿದ್ದ, ಕೆಲವೇ ರೂಪಾಯಿಯ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮದ್ದು ವೆಂಟಿಲೇಟರಿನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸುತ್ತದೆ ಅಂತ 2020ರ ಜೂನ್‌ನಲ್ಲಿ ಗೊತ್ತಾದದ್ದು ಅದರಿಂದಲೇ. ಅದೇ ವರ್ಷ ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 464 ರೋಗಿಗಳಲ್ಲಿ ಪ್ಲಾಸ್ಮಾ ಚಿಕಿತ್ಸೆಯನ್ನು, ಅಂದರೆ ಕೋವಿಡ್‌ನಿಂದ ಗುಣವಾದವರ ರಕ್ತದ ದ್ರವಭಾಗ ಕೊಡುವುದನ್ನು, ಪರೀಕ್ಷಿಸಿ, ರೋಗ ಉಲ್ಬಣಿಸುವುದನ್ನಾಗಲಿ ಸಾವನ್ನಾಗಲಿ ಅದು ತಡೆಯುವುದಿಲ್ಲ ಅಂತ ತೋರಿಸಿತು. ಆಮೇಲೂ ಎಷ್ಟೋ ಮನೆಯವರು ರಾತ್ರಿಯೆಲ್ಲ ಪ್ಲಾಸ್ಮಾ ಹುಡುಕಿ ಅಲೆದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಆಮೇಲೆ ಕಂಕನಾಡಿ, ದೇರಳಕಟ್ಟೆ, ಕುಂಟಿಕಾನ ಅಂತ ನಮ್ಮ ಕರಾವಳಿಯಲ್ಲಿ ಮೆಡಿಕಲ್ ಕಾಲೇಜುಗಳ ಸಾಲೇ ಎದ್ದಿದೆ. ಹೀಗಾಗಿ ಇಲ್ಲಿಯವರಿಗೆ ಒಂದಲ್ಲ ಒಂದು ದಿನ ‘ಸೇರ್ತೀರಾ?’ ಅನ್ನುವ ಪ್ರಶ್ನೆ ಎದುರಾಗಬಹುದು. ಆಗ ನಡೆಯುವುದು ಹೀಗೆ. ಹೊರರೋಗಿ ವಿಭಾಗದ ಪಕ್ಕ ಒಂದು ಸಣ್ಣ ಕೋಣೆ. ಮೇಜಿನ ಮೇಲೆ ಹತ್ತಾರು ಪುಟದ ಕನ್ನಡದ ಕಾಗದ. ಎದುರಿಗೆ ಕೂತ ಅಜ್ಜಿಗೆ ಓದಲು ಬರುವುದಿಲ್ಲ, ಮನೆಮಾತು ತುಳು. ಹಾಗಿದ್ದರೆ ಕಾಗದದಲ್ಲಿ ಇರುವುದನ್ನೆಲ್ಲ ತುಳುವಿನಲ್ಲೇ ಬಿಡಿಸಿ ಹೇಳಬೇಕು. ಪ್ರಯೋಗಕ್ಕೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿ ಮೊದಲಿಂದ ಕೊನೆಯವರೆಗೆ ಪಕ್ಕದಲ್ಲೇ ಕೂತಿರಬೇಕು. ಹೆಬ್ಬೆಟ್ಟು ಆಮೇಲೆ. ಬ್ಯಾರಿ, ಕೊಂಕಣಿಯವರಿಗೂ, ಕಾಸರಗೋಡಿನಿಂದ ಬರುವ ಮಲಯಾಳಿಗಳಿಗೂ ಇದೇ ನಿಯಮ.

ಅಜ್ಜಿ ಕೇಳುತ್ತಾರೆ: “ಯಾವ ಮದ್ದು ಒಳ್ಳೇದು ಅಂತ ನಿಮಗೇ ಗೊತ್ತಿಲ್ವಾ ಡಾಕ್ಟ್ರೇ?”

“ಗೊತ್ತಿಲ್ಲ ಅಮ್ಮಾ” ಅನ್ನುವುದೊಂದೇ ಪ್ರಾಮಾಣಿಕ ಉತ್ತರ. ಗೊತ್ತಿದ್ದೂ ಚೀಟಿ ಎತ್ತಿದರೆ ಅದು ಅನ್ಯಾಯ. ಒಳ್ಳೆಯ ಚಿಕಿತ್ಸೆ ಮೊದಲೇ ಇರುವ ಕಾಯಿಲೆಗೆ ಹೊಸದನ್ನು ಸಾಮಾನ್ಯವಾಗಿ ಆ ಚಿಕಿತ್ಸೆಯ ಜೊತೆಗೇ ಹೋಲಿಸುತ್ತಾರೆ, ಬರಿ ಗುಳಿಗೆಯ ಜೊತೆ ಅಲ್ಲ. ಸಕ್ಕರೆ ಕಾಯಿಲೆಯವರ ಮಾತ್ರೆ ಕಿತ್ತುಕೊಂಡು ಹಿಟ್ಟಿನ ಗುಳಿಗೆ ಕೊಡುತ್ತಾರೆ ಅನ್ನುವ ಮಾತು ನಮ್ಮಲ್ಲಿ ಓಡಾಡುತ್ತದಲ್ಲ, ಅಂಥದ್ದಕ್ಕೆ, ಪ್ರಯೋಗ ಶುರುವಾಗುವ ಮೊದಲೇ ಅದನ್ನು ಪರಿಶೀಲಿಸುವ ನೈತಿಕ ಸಮಿತಿ ಸಾಮಾನ್ಯವಾಗಿ ಒಪ್ಪಿಗೆ ಕೊಡುವುದಿಲ್ಲ.

ಈ ಸಮಿತಿಯಲ್ಲಿ ಕಡಿಮೆ ಎಂದರೆ ಏಳು ಮಂದಿ ಇರಬೇಕು. ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದವರು, ಅಧ್ಯಕ್ಷರಂತೂ ಹೊರಗಿನವರೇ ಆಗಬೇಕು. ಕಾನೂನು ತಿಳಿದವರೊಬ್ಬರು, ಮಹಿಳೆಯೊಬ್ಬರು, ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕು ಅಂತ 2019ರ ನಿಯಮ ಹೇಳುತ್ತದೆ. ಇದೆಲ್ಲ ಸುಮ್ನೆ ಬಂದದ್ದಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ ಕಪ್ಪು ಜನರಿಗೆ ನಿಜ ಹೇಳದೆ, ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತರು. ಜನರ ಭಯಕ್ಕೆ ಕಾರಣ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಹಾಗಾಗಿ ಸೇರುವ ಮೊದಲು ಕೇಳಿ. ಇದು ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ದಾಖಲಾಗಿದೆಯಾ? ಸಿಟಿಆರ್‌ಐ ಎಂಬ ಈ ಸರ್ಕಾರಿ ದಾಖಲೆ 2007ರಿಂದ ಇದೆ, ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಬಸ್ ಚಾರ್ಜು, ತಪ್ಪಿದ ದಿನಗೂಲಿ ಕೊಡುತ್ತಾರಾ? ತೊಂದರೆಯಾದರೆ ಚಿಕಿತ್ಸೆ ಉಚಿತವಾ, ಪರಿಹಾರ ಹೇಗೆ? ಭಾಗವಹಿಸಲು ದುಡ್ಡು ಕೊಡಿ ಅಂತ ಯಾರಾದರೂ ಕೇಳಿದರೆ ಎದ್ದು ಬನ್ನಿ. ಮನೆಗೆ ಹೋಗಿ ಯೋಚಿಸಿ ಹೇಳುತ್ತೇನೆ ಅನ್ನಲು ಸಂಕೋಚ ಬೇಡ. ನಡುವೆ ಬೇಡ ಅನಿಸಿದರೆ ಕಾರಣವೇ ಕೊಡದೆ ಬಿಡಬಹುದು, ಅದೇ ಆಸ್ಪತ್ರೆಯ ಎಂದಿನ ಚಿಕಿತ್ಸೆ ನಿಲ್ಲುವ ಹಾಗಿಲ್ಲ. ಸಹಿ ಹಾಕಿದ ಕಾಗದದ ಒಂದು ಪ್ರತಿ ನಿಮ್ಮದು, ಕೇಳಿ ತಗೊಳ್ಳಿ. ಸಮಿತಿಯನ್ನು ಸಂಪರ್ಕಿಸುವ ಫೋನ್ ನಂಬರು ಅದರಲ್ಲಿ ಇರುತ್ತದೆ. ಡಾಕ್ಟರ ಹತ್ತಿರ ಕೇಳಲು ಮುಜುಗರವಾದ ಪ್ರಶ್ನೆಯನ್ನು ಆ ನಂಬರಿಗೆ ಕೇಳಬಹುದು.