ರೆಸಿಸ್ಟೆಂಟ್ ಆಗಿರುವುದು ನಿಮ್ಮ ಬಾಡಿ ಅಲ್ಲ

ಬೆಂಗಳೂರಿನಲ್ಲಿ ಚಳಿ ಶುರುವಾಗಿ ಮನೆಮನೆಯಲ್ಲೂ ಕೆಮ್ಮು ಕೇಳಿಸತೊಡಗಿದರೆ ಸಾಕು, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತು ಬಂದೇ ಬರುತ್ತದೆ: "ಅಜಿಥ್ರೋಮೈಸಿನ್ ನನಗೆ ನಾಟಲ್ಲ ಕಣ್ರೀ, ಬಾಡಿ ರೆಸಿಸ್ಟೆಂಟ್ ಆಗ್ಬಿಟ್ಟಿದೆ." ಅಜಿಥ್ರೋಮೈಸಿನ್ ಒಂದು ಆಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾದ ವಿರುದ್ಧದ ಔಷಧಿ. ಮೊನ್ನೆ ಒಂದು ಆರೋಗ್ಯ ಅಂಕಣದಲ್ಲೂ "ಆಂಟಿಬಯೋಟಿಕ್‌ಗೆ ದೇಹ ಒಗ್ಗಿಹೋಗುವುದು" ಅಂತ ಓದಿದೆ. ಇನ್ನು ಸುಮ್ನಿರೋಕೆ ಆಗಲ್ಲ.

ದೇಹ ಒಗ್ಗುವುದಿಲ್ಲ. ನಿದ್ದೆ ಮಾತ್ರೆಗೆ ಒಗ್ಗಬಹುದು, ಅದು ಬೇರೆ ಕತೆ. ಆಂಟಿಬಯೋಟಿಕ್ ರೆಸಿಸ್ಟೆನ್ಸ್, ಅಂದರೆ ಔಷಧಿಗೆ ಬಗ್ಗದಿರುವುದು, ಬ್ಯಾಕ್ಟೀರಿಯಾದ ಗುಣ, ನಿಮ್ಮದಲ್ಲ. ನಿಮ್ಮದು ರೋಗನಿರೋಧಕ ಶಕ್ತಿ. ಎರಡಕ್ಕೂ ಕನ್ನಡದಲ್ಲಿ 'ನಿರೋಧ' ಅಂತ ಬರೆದು ಪತ್ರಿಕೆಯವರು ಗೊಂದಲ ಇನ್ನಷ್ಟು ಜಾಸ್ತಿ ಮಾಡಿದ್ದಾರೆ.

ನಂಬಿಕೆ ಬರದಿದ್ದರೆ ಕಫದ ಕಲ್ಚರ್ ರಿಪೋರ್ಟ್, ಅಂದರೆ ಕಫದಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದ ವರದಿ, ಒಂದನ್ನು ತೆಗೆದು ನೋಡಿ. ರೋಗಿಯ ಹೆಸರಿನ ಕೆಳಗೆ ಸಿಕ್ಕ ಬ್ಯಾಕ್ಟೀರಿಯಾದ ಹೆಸರಿರುತ್ತದೆ, ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೆ ಅಂತಲೋ ಕ್ಲೆಬ್ಸಿಯೆಲ್ಲಾ ಅಂತಲೋ. ಆಮೇಲೆ ಔಷಧಿಗಳ ಪಟ್ಟಿ, ಒಂದೊಂದರ ಮುಂದೆ ಎಸ್ ಅಥವಾ ಆರ್. ಎಸ್ ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ. ಇದನ್ನು ಕಂಡುಹಿಡಿಯುವ ಹಳೆಯ ವಿಧಾನ ಸರಳ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಮೇಲೆ ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮಾರನೇ ದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ವೃತ್ತ ಇದೆಯಾ, ಎಷ್ಟು ಮಿಲಿಮೀಟರ್ ಅಗಲ ಅಂತ ಅಳೆಯುತ್ತಾರೆ. ಬಿಲ್ಲೆಯ ಅಂಚಿನವರೆಗೂ ದಟ್ಟವಾಗಿ ಬೆಳೆದಿದ್ದರೆ ಆರ್. ಆ ತಟ್ಟೆಯಲ್ಲಿ ನಿಮ್ಮ ಬಾಡಿ ಎಲ್ಲಿತ್ತು? ನೀವು ಮನೆಯಲ್ಲಿ ಕಷಾಯ ಕುಡೀತಾ ಕೂತಿದ್ದಿರಿ, ಅಲ್ವಾ?

ಇನ್ನೂ ಅನುಮಾನವಿದ್ದರೆ ಟಿಬಿ ನೋಡಿ. ಟಿಬಿಯ ಮುಖ್ಯ ಔಷಧಿಗಳಾದ ಐಸೋನಿಯಜಿಡ್, ರಿಫಾಂಪಿಸಿನ್ ಎರಡಕ್ಕೂ ಜಗ್ಗದ ಟಿಬಿಯನ್ನು ಎಂಡಿಆರ್ (ಮಲ್ಟಿ ಡ್ರಗ್ ರೆಸಿಸ್ಟೆಂಟ್) ಟಿಬಿ ಅನ್ನುತ್ತಾರೆ. ಹುಟ್ಟಿದಾಗಿನಿಂದ ಒಂದೇ ಒಂದು ಟಿಬಿ ಮಾತ್ರೆ ನುಂಗದವರಿಗೂ ಅದು ಬರುತ್ತದೆ. ಪಕ್ಕದವರ ಕೆಮ್ಮಿನಿಂದ ನೇರವಾಗಿ ರೆಸಿಸ್ಟೆಂಟ್ ಬ್ಯಾಕ್ಟೀರಿಯಾವೇ ಬಂದರೆ ಮುಗೀತು. ದೇಹ ಒಗ್ಗುವುದಾದರೆ ಇವರ ದೇಹ ಯಾವಾಗ ಒಗ್ಗಿತು? ನಮ್ಮ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಇದೆ. ಅಲ್ಲಿನ ಲ್ಯಾಬ್ ಇಂಥ ರೆಸಿಸ್ಟೆನ್ಸ್ ಪರೀಕ್ಷೆಗೆ ರಾಷ್ಟ್ರಮಟ್ಟದ ರೆಫರೆನ್ಸ್ ಲ್ಯಾಬ್. ಅಲ್ಲೂ ಔಷಧಿಗೆ ಒಡ್ಡಿ ನೋಡುವುದು ಕಫದಲ್ಲಿನ ರೋಗಾಣುವನ್ನೇ, ರೋಗಿಯನ್ನಲ್ಲ.

ಮತ್ತೆ 'ಸ್ಟ್ರಾಂಗ್ ಮಾತ್ರೆ' ಅನ್ನುವ ಮಾತು. ಇದು ನನಗೆ ಇನ್ನೂ ಕಿರಿಕಿರಿ. ಒಂದೊಂದು ಬ್ಯಾಕ್ಟೀರಿಯಾದ ವರಸೆ ಒಂದೊಂದು. ಹೀಮೋಫಿಲಸ್ ಇನ್‌ಫ್ಲುಯೆಂಜೆ ಅನ್ನುವ ಬ್ಯಾಕ್ಟೀರಿಯಾದ ಎಷ್ಟೋ ತಳಿಗಳು ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಅನ್ನು ಮುರಿದು ಹಾಕುವ ಕಿಣ್ವ ಮಾಡುತ್ತವೆ. ಜೊತೆಗೆ ಕ್ಲಾವುಲನಿಕ್ ಆಸಿಡ್ ಸೇರಿಸಿದರೆ ಆ ಕಿಣ್ವ ಸುಮ್ಮನಾಗುತ್ತದೆ, ಅಷ್ಟೇ ಅದರ ಕೆಲಸ. ನ್ಯುಮೋನಿಯಾದ ಸ್ಟ್ರೆಪ್ಟೋಕಾಕಸ್ ಆ ಕಿಣ್ವ ಮಾಡುವುದೇ ಇಲ್ಲ. ಪೆನಿಸಿಲಿನ್ ಹೋಗಿ ಹಿಡಿಯಬೇಕಾದ ಪ್ರೋಟೀನನ್ನೇ ಅದು ಬದಲಾಯಿಸಿಕೊಳ್ಳುತ್ತದೆ, ಅದಕ್ಕೆ ಬೇಕಾದ ಜೀನ್ ತುಂಡುಗಳನ್ನು ಗಂಟಲಲ್ಲೇ ಇರುವ ತನ್ನ ದಾಯಾದಿಗಳಿಂದ ಎತ್ತಿಕೊಳ್ಳುತ್ತದೆ. ಹೀಗೆ ಎತ್ತಿಕೊಳ್ಳುವ ಚಾಳಿಯ ಸುಳಿವು 1928ರಲ್ಲೇ ಬ್ರಿಟಿಷ್ ಬ್ಯಾಕ್ಟೀರಿಯಾ ತಜ್ಞ ಗ್ರಿಫಿತ್‌ಗೆ ಇಲಿಗಳ ಮೇಲಿನ ಪ್ರಯೋಗದಲ್ಲಿ ಸಿಕ್ಕಿತ್ತು. ಹೀಗೆ ಬದಲಾದ ಪ್ರೋಟೀನಿನ ಮುಂದೆ ಕ್ಲಾವುಲನಿಕ್ ಆಸಿಡ್‌ಗೆ ಕೆಲಸವೇ ಇಲ್ಲ. ಹೀಗಿರುವಾಗ ಮೆಡಿಕಲ್ ಶಾಪಿನಲ್ಲಿ ನಿಂತು "ಅದಕ್ಕಿಂತ ಸ್ಟ್ರಾಂಗ್ ಕೊಡಿ" ಅಂದರೆ ಏನರ್ಥ?

ನೆಗಡಿಗೆ ಅಜಿಥ್ರೋಮೈಸಿನ್ ನಾಟದಿದ್ದರೆ ಅದೂ ರೆಸಿಸ್ಟೆನ್ಸ್ ಅಲ್ಲ. ನೆಗಡಿ ತರುವುದು ವೈರಸ್. ಅದಕ್ಕೆ ಈ ಮಾತ್ರೆ ಯಾವತ್ತೂ ಔಷಧಿಯಾಗಿರಲಿಲ್ಲ.

ಹಾಗಂತ ನೀವು ನುಂಗಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಪ್ರತಿ ಸಲ ಮಾತ್ರೆ ತಗೊಂಡಾಗ ಮೂಗು ಗಂಟಲಲ್ಲಿರುವ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಹೆಚ್ಚುತ್ತವೆ, ಮನೆಯವರಿಗೂ ದಾಟುತ್ತವೆ. ಅದಕ್ಕೇ ಡಾಕ್ಟರ್ "ಇತ್ತೀಚೆಗೆ ಆಂಟಿಬಯೋಟಿಕ್ ತಗೊಂಡಿದ್ರಾ?" ಅಂತ ಕೇಳುವುದು. ಆಗ "ನನ್ನ ಬಾಡಿ ರೆಸಿಸ್ಟೆಂಟ್" ಅನ್ನುವ ಬದಲು ಯಾವ ಮಾತ್ರೆ, ಯಾವ ತಿಂಗಳು, ಎಷ್ಟು ದಿನ ಅಂತ ಹೇಳಿ. ಸ್ಟ್ರಿಪ್ ಇದ್ದರೆ ತೋರಿಸಿ.