ಬಹುಮಾನಕ್ಕಾಗಿಯೇ ಲಸಿಕೆ ಹಾಕಿಸಿಕೊಂಡರೇ?

2021ರ ಮೇ 12ರಂದು ಅಮೆರಿಕದ ಓಹಾಯೊ ರಾಜ್ಯದ ಗವರ್ನರ್ ಮೈಕ್ ಡಿವೈನ್ ಲಸಿಕೆ ಲಾಟರಿಯೊಂದನ್ನು ಘೋಷಿಸಿದರು. ಕೋವಿಡ್ ಲಸಿಕೆಯ ಒಂದು ಡೋಸನ್ನಾದರೂ ಪಡೆದ ವಯಸ್ಕರೆಲ್ಲ ಇದಕ್ಕೆ ಅರ್ಹರು. ವಾರಕ್ಕೊಬ್ಬರಂತೆ ಐದು ವಾರ ಆಯ್ಕೆ ನಡೆಯುತ್ತದೆ, ಗೆದ್ದವರಿಗೆ ತಲಾ 10 ಲಕ್ಷ ಡಾಲರ್. ಘೋಷಣೆಯ ಬೆನ್ನಿಗೇ ಲಸಿಕೆ ಪಡೆಯುವವರ ಸಂಖ್ಯೆ ಏರಿತು. ಯೋಜನೆ ಫಲ ಕೊಟ್ಟಿತೆಂಬ ಸುದ್ದಿ ಹರಡಿತು, ಬೇರೆ ರಾಜ್ಯಗಳೂ ಇಂಥ ಲಾಟರಿಗಳಿಗೆ ಕೈಹಾಕಿದವು.

ಆದರೆ ಅದೇ ವಾರ ಇನ್ನೊಂದು ಸಂಗತಿಯೂ ನಡೆದಿತ್ತು. 12ರಿಂದ 15 ವರ್ಷದ ಮಕ್ಕಳಿಗೆ ಫೈಜರ್ ಲಸಿಕೆ ಕೊಡಲು ಇಡೀ ದೇಶದಲ್ಲಿ ಅನುಮತಿ ಸಿಕ್ಕಿತ್ತು. ಅಂದ ಮೇಲೆ ಲಸಿಕಾ ಕೇಂದ್ರಗಳಲ್ಲಿ ಜನ ಹೆಚ್ಚಲು ಲಾಟರಿಯೇ ಬೇಕಿರಲಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಓಹಾಯೊದ ವಯಸ್ಕರ ಅಂಕಿಅಂಶವನ್ನು ಲಾಟರಿಯಿಲ್ಲದ ಕಡೆಯ ವಯಸ್ಕರ ಅಂಕಿಅಂಶದ ಪಕ್ಕದಲ್ಲಿಟ್ಟು ನೋಡಿದಾಗ, ಲಾಟರಿಯಿಂದ ಲಸಿಕೆ ಹೆಚ್ಚಿತೆನ್ನಲು ಆಧಾರ ಸಿಗಲಿಲ್ಲ. ಬೇರೆ ವಿಧಾನ ಬಳಸಿದ ಕೆಲವು ಅಧ್ಯಯನಗಳಿಗೆ ಸಣ್ಣ ಏರಿಕೆ ಕಂಡಿದೆ. ಆರಂಭದಲ್ಲಿ ಹಬ್ಬಿದ ಸುದ್ದಿಯಷ್ಟು ದೊಡ್ಡ ಪರಿಣಾಮವನ್ನು ಅವೂ ಕಂಡಿಲ್ಲ.

ಸಾಂಕ್ರಾಮಿಕದ ಕಾಲದಲ್ಲಿ ನಾವು ಓದುವ ಪ್ರತಿಯೊಂದು ಸಂಖ್ಯೆಗೂ ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಹೆಚ್ಚಾಯಿತು ಸರಿ, ಯಾವುದಕ್ಕೆ ಹೋಲಿಸಿದರೆ? ಲಸಿಕೆಗೆ ಬಹುಮಾನ ಕೊಡಬೇಕೇ ಬೇಡವೇ ಎಂಬ ವಾದ ಬಿಸಿಯೇರುವುದು ಊರಿನಲ್ಲಿ ಪ್ರಕರಣಗಳು ಏರುವಾಗ. ಆ ಏರಿಕೆಯನ್ನೇ ತಪ್ಪಾಗಿ ಓದಿದ್ದರೆ ಮುಂದಿನ ವಾದವೆಲ್ಲ ಹಳಿ ತಪ್ಪುತ್ತದೆ. ಹಾಗಾಗಿ ಮೊದಲು ಪ್ರಕರಣಗಳ ಲೆಕ್ಕಕ್ಕೇ ಬರೋಣ.

ಆರೋಗ್ಯ ಬುಲೆಟಿನ್‌ನಲ್ಲಿ ಕಾಣುವ 'ಇಂದಿನ ಪ್ರಕರಣಗಳು' ಇಂದು ಸೋಂಕು ತಗುಲಿದವರ ಲೆಕ್ಕವಲ್ಲ. ವೈರಾಣು ದೇಹ ಹೊಕ್ಕ ಮೇಲೆ ಲಕ್ಷಣ ಕಾಣಲು ಕೆಲವು ದಿನ, ಪರೀಕ್ಷೆಗೆ ಹೋಗಲು ಒಂದೆರಡು ದಿನ, ವರದಿ ಬಂದು ದಾಖಲಾಗಲು ಮತ್ತೊಂದೆರಡು ದಿನ ಹಿಡಿಯುತ್ತದೆ. ಅಂದರೆ ಇಂದಿನ ಅಂಕಿಯಲ್ಲಿ ಕಾಣುವುದು ಒಂದು ವಾರ, ಹತ್ತು ದಿನ ಹಿಂದಿನ ಹರಡುವಿಕೆ. ಭಾನುವಾರ ಪ್ರಯೋಗಾಲಯಗಳ ಕೆಲಸ ಕಡಿಮೆ, ಆದ್ದರಿಂದ ಸೋಮವಾರದ ಅಂಕಿ ತಗ್ಗುತ್ತದೆ. ಬಾಕಿ ಉಳಿದದ್ದೆಲ್ಲ ಸೇರಿ ವಾರದ ನಡುವೆ ಉಬ್ಬುತ್ತದೆ. ಏಳು ದಿನಗಳ ಸರಾಸರಿ ತೆಗೆಯುವುದು ಈ ವಾರದ ಏರಿಳಿತವನ್ನು ಕಳೆಯಲೆಂದೇ.

ಬುಲೆಟಿನ್‌ನ ಅಂಕಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗ ಸಾಕು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಪ್ರಕರಣಗಳು ದೈನಿಕ ಲೆಕ್ಕದಿಂದ ಬಿಟ್ಟುಹೋಗಿದ್ದವು. ಪ್ರಯೋಗಾಲಯಗಳಿಂದ ಬಂದ ಪಟ್ಟಿಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಕಡತಕ್ಕೆ ಸೇರಿಸಲಾಗುತ್ತಿತ್ತು. ಆ ಕಡತದಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಅದು ತುಂಬಿದ ಮೇಲೆ ಬಂದ ಹೆಸರುಗಳು ಸದ್ದಿಲ್ಲದೆ ಬಿದ್ದುಹೋದವು. ತಪ್ಪು ಪತ್ತೆಯಾದಾಗ ಅವನ್ನು ಅಕ್ಟೋಬರ್ 3 ಮತ್ತು 4ರ ಲೆಕ್ಕಕ್ಕೆ ಸೇರಿಸಿದ್ದರಿಂದ ಅಕ್ಟೋಬರ್ 4ರ ಒಂದೇ ದಿನದ ಲೆಕ್ಕ ಇಡೀ ಬ್ರಿಟನ್ನಿಗೆ 22,961 ಎಂದಾಯಿತು. ಸೋಂಕಿತರಿಗೆ ತಮ್ಮ ಫಲಿತಾಂಶ ಸಿಕ್ಕಿತ್ತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಮಾತ್ರ ದಿನಗಟ್ಟಲೆ ತಡವಾಯಿತು. ಆ ವಾರ ವಕ್ರರೇಖೆ ಸಮಾಧಾನಕರವಾಗಿ ಕಾಣುತ್ತಿದ್ದದ್ದು ಕಡತ ತುಂಬಿದ್ದರಿಂದ, ರೋಗ ತಗ್ಗಿದ್ದರಿಂದಲ್ಲ.

ಸ್ಥಳೀಯ ಅಂಕಿಗಳಿಗೆ ಇನ್ನೊಂದು ತೊಡಕಿದೆ. ದೇಶದ ಲೆಕ್ಕ ದೊಡ್ಡದು, ತಾಲ್ಲೂಕಿನ ಲೆಕ್ಕ ಚಿಕ್ಕದು. ದಿನಕ್ಕೆ ಸರಾಸರಿ 9 ಪ್ರಕರಣ ಬರುವ ಕಡೆ, ಏನೂ ಬದಲಾಗದಿದ್ದರೂ, ಬರೀ ಆಕಸ್ಮಿಕದಿಂದಲೇ ಒಂದು ದಿನ 3, ಇನ್ನೊಂದು ದಿನ 15 ಬರಬಹುದು. ಕೊರೊನಾ ವೈರಾಣುವಿನ ಸ್ವಭಾವ ಈ ಏರುಪೇರನ್ನು ಇನ್ನೂ ಹಿಗ್ಗಿಸುತ್ತದೆ. ಸೋಂಕಿತರಲ್ಲಿ ಹೆಚ್ಚಿನವರು ಯಾರಿಗೂ ಹರಡುವುದಿಲ್ಲ, ಇಲ್ಲವೇ ಒಬ್ಬರಿಗೋ ಇಬ್ಬರಿಗೋ ಹರಡುತ್ತಾರೆ. ಕೆಲವೇ ಕೆಲವರು ಒಂದು ಮುಚ್ಚಿದ ಕೋಣೆಯಲ್ಲಿ ಹತ್ತಾರು ಜನರಿಗೆ ಅಂಟಿಸಿಬಿಡುತ್ತಾರೆ. ಆದ್ದರಿಂದ 'ಒಂದೇ ದಿನದಲ್ಲಿ ಪ್ರಕರಣ ದುಪ್ಪಟ್ಟು' ಎಂಬ ತಲೆಬರಹದ ಹಿಂದೆ ಒಂದು ಮನೆ ಅಥವಾ ಒಂದು ಸಮಾರಂಭವಷ್ಟೇ ಇರಬಹುದು. 50, 100, 200, 400 ಎಂದು ಸಮಾನ ಅಂತರದಲ್ಲಿ ದುಪ್ಪಟ್ಟಾಗುತ್ತಾ ಹೋದರೆ ಮಾತ್ರ ಹೊಸ ಅಲೆ ಶುರುವಾಗಿದೆ ಎನ್ನಲು ನಿಜವಾದ ಕಾರಣವಿದೆ.

ಎಷ್ಟು ಪರೀಕ್ಷೆ ಮಾಡಿದರು ಎಂಬುದನ್ನು ಬಿಟ್ಟು ಪ್ರಕರಣಗಳನ್ನು ಮಾತ್ರ ನೋಡುವುದಂತೂ ಅರ್ಧ ಪುಟ ಓದಿದ ಹಾಗೆ. ಒಂದು ವಾರ 1,000 ಪರೀಕ್ಷೆಗಳಲ್ಲಿ 50 ಪಾಸಿಟಿವ್ ಬಂದವು, ಪಾಸಿಟಿವಿಟಿ ದರ ಶೇ 5. ಮುಂದಿನ ವಾರ 2,000 ಪರೀಕ್ಷೆಗಳಲ್ಲಿ 80. ಪ್ರಕರಣ ಏರಿದೆ, ದರ ಶೇ 4ಕ್ಕೆ ಇಳಿದಿದೆ. ಮೂರನೆಯ ವಾರ 500 ಪರೀಕ್ಷೆಗಳಲ್ಲಿ 45. ಪ್ರಕರಣ ಮೂರು ವಾರಗಳಲ್ಲೇ ಕಡಿಮೆ, ದರ ಮಾತ್ರ ಶೇ 9. ಬರೀ ಪ್ರಕರಣಗಳನ್ನು ನೋಡಿದವರು ನೆಮ್ಮದಿಯ ನಿಟ್ಟುಸಿರು ಬಿಡುವ ಈ ಮೂರನೆಯ ವಾರವೇ ಎಲ್ಲಕ್ಕಿಂತ ಆತಂಕದ್ದು. 2020ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿರ್ಬಂಧ ಸಡಿಲಿಸುವ ಮುನ್ನ ಎರಡು ವಾರ ಪಾಸಿಟಿವಿಟಿ ದರ ಶೇ 5ಕ್ಕಿಂತ ಕೆಳಗಿರಲಿ ಎಂದದ್ದು ಇದೇ ಕಾರಣಕ್ಕೆ. ಪರೀಕ್ಷೆಗೆ ಸಿಗದ ಸೋಂಕುಗಳಂತೂ ಅಪಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಮೇ-ಜೂನ್‌ನಲ್ಲಿ ನಡೆಸಿದ ಮೊದಲ ರಾಷ್ಟ್ರೀಯ ಸೀರೊ ಸಮೀಕ್ಷೆಯ (ರಕ್ತದಲ್ಲಿ ಸೋಂಕಿನ ಪ್ರತಿಕಾಯಗಳನ್ನು ಹುಡುಕುವ ಸಮೀಕ್ಷೆ) ಅಂದಾಜಿನಂತೆ, ದಾಖಲಾದ ಒಂದೊಂದು ಪ್ರಕರಣಕ್ಕೂ 82ರಿಂದ 130 ಸೋಂಕುಗಳಿದ್ದವು. ಜನ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳತೊಡಗಿದ ಮೇಲೆ ದೈನಿಕ ಲೆಕ್ಕ ಮತ್ತಷ್ಟು ಸೊರಗಿತು. ಕೊಳಚೆ ನೀರಿನಲ್ಲಿ ವೈರಾಣುವಿನ ಆರ್‌ಎನ್‌ಎ (ಅದರ ಅನುವಂಶಿಕ ವಸ್ತು) ಅಳೆಯುವ ಕ್ರಮ ನನಗೆ ಹೆಚ್ಚು ಭರವಸೆಯದೆನಿಸುವುದು ಇದರಿಂದಲೇ. ಯಾರು ಪರೀಕ್ಷೆಗೆ ಬಂದರು, ಯಾರು ಬರಲಿಲ್ಲ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಈಗ ಲಸಿಕೆಯನ್ನು ಈ ಚಿತ್ರದೊಳಗೆ ತರೋಣ. ಆಡಳಿತ ಎಚ್ಚೆತ್ತು ಏನಾದರೂ ಮಾಡುವುದು ಸಾಮಾನ್ಯವಾಗಿ ಅಲೆ ತುದಿ ಮುಟ್ಟುವ ಹೊತ್ತಿಗೆ. ತುದಿ ಮುಟ್ಟಿದ್ದು ಇಳಿಯಲೇಬೇಕು. ಆಗ ಏನೇ ಮಾಡಿದರೂ ಅದರಿಂದಲೇ ಇಳಿಯಿತು ಎನಿಸುತ್ತದೆ. ಬಹುಮಾನ ಘೋಷಿಸಿ ಎರಡು ವಾರಕ್ಕೆ ಪ್ರಕರಣ ತಗ್ಗಿದರೆ ಅದರ ಶ್ರೇಯ ಲಸಿಕೆಗೆ ಸಲ್ಲುವುದು ಸಾಧ್ಯವೇ ಇಲ್ಲ. ದೇಹದಲ್ಲಿ ಪೂರ್ಣ ರಕ್ಷಣೆ ಮೂಡುವುದು ಎರಡನೆಯ ಡೋಸ್ ಪಡೆದು ಸುಮಾರು ಎರಡು ವಾರಗಳಾದ ಮೇಲೆ. ಭಾರತದಲ್ಲಿ 2021ರ ಮೇ ನಂತರ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆಯೇ 12ರಿಂದ 16 ವಾರಗಳ ಅಂತರವಿತ್ತು. ಇಂದಿನ ಅಲೆಗೆ ಇಂದು ಕೊಟ್ಟ ಲಸಿಕೆ ತಡವಾದ ಮದ್ದು, ಅದು ಕಾಯುವುದು ಮುಂದಿನ ಅಲೆಯಲ್ಲಿ.

ಇದಕ್ಕಿಂತಲೂ ಹೆಚ್ಚು ಹಾನಿ ಮಾಡಿದ ತಪ್ಪು ಓದು ಇನ್ನೊಂದು. 2021ರ ಆಗಸ್ಟ್‌ನಲ್ಲಿ ಇಸ್ರೇಲಿನ ಆಸ್ಪತ್ರೆಗಳಲ್ಲಿದ್ದ ತೀವ್ರ ಕೋವಿಡ್ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಲಸಿಕೆ ಪಡೆದವರೇ ಆಗಿದ್ದರು. ಹಾಗಾದರೆ ಲಸಿಕೆಯಿಂದ ಏನು ಬಂತು ಎಂದು ಜಗತ್ತಿನಾದ್ಯಂತ ಕೇಳಿದರು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ವಯಸ್ಕರಿರುವ ಊರಿನಲ್ಲಿ 90,000 ಮಂದಿ ಲಸಿಕೆ ಪಡೆದಿದ್ದಾರೆ, 10,000 ಮಂದಿ ಪಡೆದಿಲ್ಲ ಎಂದುಕೊಳ್ಳೋಣ. ಲಸಿಕೆಯಿಲ್ಲದವರಲ್ಲಿ ನೂರಕ್ಕೊಬ್ಬರು ಆಸ್ಪತ್ರೆ ಸೇರಿದರೆ 100 ಜನ. ಲಸಿಕೆ ಈ ಅಪಾಯವನ್ನು ಶೇ 85ರಷ್ಟು ತಗ್ಗಿಸುತ್ತದೆಂದರೆ, ಲಸಿಕೆ ಪಡೆದವರಲ್ಲಿ 135 ಜನ. ಒಟ್ಟು 235 ರೋಗಿಗಳಲ್ಲಿ ಶೇ 57ರಷ್ಟು ಲಸಿಕೆ ಪಡೆದವರೇ! ಲಸಿಕೆಯೇ ಇಲ್ಲದಿದ್ದರೆ ಆ ಊರಿನಲ್ಲಿ 1,000 ಜನ ಆಸ್ಪತ್ರೆಯಲ್ಲಿರುತ್ತಿದ್ದರು. ಇಸ್ರೇಲಿನಲ್ಲಿ ಮೊದಲು ಲಸಿಕೆ ಪಡೆದವರು ವೃದ್ಧರು, ಅಪಾಯ ಹೆಚ್ಚಿದ್ದದ್ದೂ ಅವರಿಗೇ. ವಯಸ್ಸಿನ ಗುಂಪುಗಳನ್ನು ಬೇರೆಬೇರೆಯಾಗಿ ನೋಡಿದಾಗ ಲಸಿಕೆಯ ರಕ್ಷಣೆ ಸ್ಪಷ್ಟವಾಗಿಯೇ ಕಂಡಿತು. ವಿಭಾಗಿಸದ ಒಂದು ಶೇಕಡಾವಾರು ಅಂಕಿ ಹಿಂಜರಿಯುತ್ತಿದ್ದ ಎಷ್ಟು ಮಂದಿಯನ್ನು ಲಸಿಕಾ ಕೇಂದ್ರದಿಂದ ದೂರ ಇಟ್ಟಿತೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಲಸಿಕೆ ಪಡೆಯದವರೆಲ್ಲರೂ ವಿರೋಧಿಗಳು ಎಂಬ ಗ್ರಹಿಕೆಯಿಂದ ಬಹುಮಾನದ ಚರ್ಚೆ ಕೆಡುತ್ತದೆ. ಅವರಲ್ಲಿ ನಾಳೆ ನೋಡೋಣ ಎಂದು ಮುಂದೂಡಿದವರಿದ್ದಾರೆ, ಒಂದು ದಿನದ ಕೂಲಿ ಬಿಡಲಾರದವರಿದ್ದಾರೆ, ಜ್ವರ ಬಂದು ಮಲಗಿದರೆ ಮನೆ ನಡೆಸುವವರು ಯಾರು ಎಂದು ಹೆದರಿದವರಿದ್ದಾರೆ. ಗಟ್ಟಿ ಅಪನಂಬಿಕೆಯಿಂದ ಬೇಡವೆಂದವರೂ ಇದ್ದಾರೆ. ಹಣ ಮೊದಲ ಮೂವರನ್ನು ಮುಟ್ಟುತ್ತದೆ, ಕೊನೆಯವರನ್ನು ಮುಟ್ಟುವುದು ಕಷ್ಟ.

ಸ್ವೀಡನ್ನಿನಲ್ಲಿ 2021ರಲ್ಲಿ 8,286 ಜನರನ್ನು ಒಳಗೊಂಡ ಪ್ರಯೋಗವೊಂದು ನಡೆಯಿತು. ಯಾರಿಗೆ ಹಣದ ಮಾತು ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಮೂವತ್ತು ದಿನಗಳೊಳಗೆ ಮೊದಲ ಡೋಸ್ ಪಡೆದರೆ 200 ಕ್ರೋನರ್, ಅಂದಿನ ದರದಲ್ಲಿ ಸುಮಾರು 24 ಡಾಲರ್. ಹಣದ ಮಾತಿಲ್ಲದ ಗುಂಪಿನಲ್ಲಿ ಶೇ 71.6 ಮಂದಿ ಲಸಿಕೆ ಪಡೆದರೆ, ಹಣ ಸಿಗುತ್ತದೆಂದು ತಿಳಿದ ಗುಂಪಿನಲ್ಲಿ ಅದಕ್ಕಿಂತ 4.2 ಶೇಕಡಾಂಶ ಹೆಚ್ಚು, ಅಂದರೆ ಸುಮಾರು ಶೇ 76. ಜನರು ಹೇಳಿದ್ದನ್ನು ನಂಬದೆ ಸರ್ಕಾರದ ಲಸಿಕಾ ದಾಖಲೆಯಿಂದಲೇ ಈ ಲೆಕ್ಕ ತೆಗೆದಿದ್ದಾರೆ. ಅದೇ ವರ್ಷ ಕ್ಯಾಲಿಫೋರ್ನಿಯಾದ ಇನ್ನೊಂದು ಪ್ರಯೋಗದಲ್ಲಿ, ಲಸಿಕೆಗೆ ಸಮಯ ಕಾಯ್ದಿರಿಸಿಕೊಳ್ಳಿ ಎಂದು ನೆನಪಿಸಿದ ಬರೀ ಒಂದು ಮೊಬೈಲ್ ಸಂದೇಶದಿಂದ ಸುಮಾರು 3.6 ಶೇಕಡಾಂಶದ ಏರಿಕೆಯಾಗಿತ್ತು. ಎರಡೂ ಕಡೆಯ ಜನ, ಸನ್ನಿವೇಶ ಬೇರೆಬೇರೆ, ತಕ್ಕಡಿಯಲ್ಲಿಟ್ಟು ತೂಗಲಾಗದು. ಆದರೂ ಖಜಾನೆ ತೆರೆಯುವ ಮುನ್ನ ಸಂದೇಶ ಕಳುಹಿಸಿ ನೋಡುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ಹಣ ಕೊಟ್ಟರೆ ಲಸಿಕೆಯಲ್ಲೇನೋ ಅಪಾಯವಿದೆ ಎಂದು ಜನ ಶಂಕಿಸುತ್ತಾರೆ, ಮುಂದಿನ ಸಲ ಹಣವಿಲ್ಲದೆ ಬರುವುದೇ ಇಲ್ಲ ಎಂಬ ಆಕ್ಷೇಪ ಬಲವಾದದ್ದು. ಸ್ವೀಡನ್ನಿನ ಅದೇ ಜನರನ್ನು ಅನುಸರಿಸಿ ನೋಡಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಮುಂದಿನ ಡೋಸ್‌ಗಳ ಮೇಲಾಗಲಿ, ನಂಬಿಕೆಯ ಮೇಲಾಗಲಿ ಕೆಟ್ಟ ಪರಿಣಾಮ ಅದರಲ್ಲಿ ಕಂಡುಬರಲಿಲ್ಲ. ಬಡವನಿಗೆ ಹಣ ತೋರಿಸುವುದು ಒತ್ತಾಯವೇ ಅಲ್ಲವೇ ಎಂಬ ಆಕ್ಷೇಪವನ್ನು ಹೀಗೆ ಅಂಕಿಗಳಿಂದ ಬಗೆಹರಿಸಲಾಗದು. ಕೂಲಿ ಕಳೆದುಕೊಂಡವನಿಗೆ ಆ ದಿನದ ಕೂಲಿ ಕೊಡುವುದು ಆಮಿಷವಲ್ಲ, ಪರಿಹಾರ. ಅದಕ್ಕೆ ನನ್ನ ಒಪ್ಪಿಗೆ ಇದೆ. ಕೋಟ್ಯಧಿಪತಿಯಾಗುವ ಕನಸು ತೋರಿಸುವ ಲಾಟರಿಗೆ ಇಲ್ಲ.

ದಂಡ ಮತ್ತು ನಿರ್ಬಂಧದ ದಾರಿ ಬೇರೆ. 2021ರ ಜುಲೈ 12ರಂದು ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಹೋಟೆಲು, ರೈಲುಗಳಿಗೆ ಆರೋಗ್ಯ ಪಾಸ್ (ಲಸಿಕೆ, ನೆಗೆಟಿವ್ ಪರೀಕ್ಷೆ ಅಥವಾ ಗುಣಮುಖರಾದದ್ದರ ಪುರಾವೆ) ಬೇಕೆಂದು ಘೋಷಿಸಿದಾಗ ಒಂದೇ ದಿನದಲ್ಲಿ 9 ಲಕ್ಷಕ್ಕೂ ಹೆಚ್ಚು ಜನ ಲಸಿಕೆಗೆ ಸಮಯ ಕಾಯ್ದಿರಿಸಿದರು. ಆಸ್ಟ್ರಿಯಾ 2022ರ ಫೆಬ್ರುವರಿಯಲ್ಲಿ ವಯಸ್ಕರೆಲ್ಲರಿಗೂ ಕಡ್ಡಾಯದ ಕಾನೂನು ತಂದು ಮರುತಿಂಗಳೇ ತಡೆಹಿಡಿಯಿತು, ಆಮೇಲೆ ಕೈಬಿಟ್ಟಿತು. ಯಾರನ್ನೂ ಬಲವಂತದಿಂದ ಲಸಿಕೆಗೆ ಗುರಿಪಡಿಸುವಂತಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿತು.

ಬಹುಮಾನದ ಬಗ್ಗೆ ನನಗೆ ಅತ್ಯಂತ ಸ್ಪಷ್ಟ ಉತ್ತರ ಕೊಟ್ಟದ್ದು ಕೋವಿಡ್‌ಗಿಂತ ಹಿಂದಿನ, ಮಕ್ಕಳ ಲಸಿಕೆಯ ಕುರಿತ ಪ್ರಯೋಗ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಸೇವಾ ಮಂದಿರ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗೂಡಿ ರಾಜಸ್ಥಾನದ ಉದಯಪುರ ಜಿಲ್ಲೆಯ 134 ಹಳ್ಳಿಗಳಲ್ಲಿ ನಡೆಸಿದ ಇದು 2010ರಲ್ಲಿ ಪ್ರಕಟವಾಯಿತು. ಏನನ್ನೂ ಬದಲಿಸದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪಡೆದ ಮಕ್ಕಳು ಶೇ 6 ಮಾತ್ರ. ಪ್ರತಿ ತಿಂಗಳು ತಪ್ಪದೆ ಶಿಬಿರ ನಡೆಸಿದ ಕಡೆ ಇದು ಶೇ 18ಕ್ಕೇರಿತು. ಶಿಬಿರದ ಜೊತೆಗೆ ಪ್ರತಿ ಚುಚ್ಚುಮದ್ದಿಗೆ ಒಂದು ಕಿಲೊ ಬೇಳೆ, ಎಲ್ಲ ಲಸಿಕೆ ಮುಗಿಸಿದರೆ ಊಟದ ತಟ್ಟೆಗಳು ಎಂದ ಕಡೆ ಶೇ 39. ಬೇಳೆ ಫಲ ಕೊಟ್ಟದ್ದು ದಾದಿ ತಪ್ಪದೆ ಬರುತ್ತಿದ್ದ ಊರಿನಲ್ಲಿ ಎಂಬುದನ್ನು ಮರೆಯಬಾರದು. ಹೆಚ್ಚಿನ ಖರ್ಚಾದೀತೆಂದು ಅಂಜುವವರು ನೋಡಬೇಕಾದ ಲೆಕ್ಕವೂ ಅದರಲ್ಲಿದೆ. ಎಲ್ಲ ಲಸಿಕೆ ಪೂರೈಸಿದ ಒಂದು ಮಗುವಿಗೆ ಬರೀ ಶಿಬಿರದಲ್ಲಿ ತಗುಲಿದ ವೆಚ್ಚ 56 ಡಾಲರ್, ಬೇಳೆ, ತಟ್ಟೆ ಸೇರಿಸಿದ ಶಿಬಿರದಲ್ಲಿ 28 ಡಾಲರ್. ದಾದಿಯ ದಿನದ ಸಂಬಳ, ಶಿಬಿರದ ಓಡಾಟ ಮೂರು ಮಕ್ಕಳು ಬಂದರೂ ಅಷ್ಟೇ, ಹತ್ತು ಮಕ್ಕಳು ಬಂದರೂ ಅಷ್ಟೇ.